ನಾಲ್ಕು ಲಕ್ಷ ಕಿ.ಮೀ. ಹತ್ತಿರ ಬಂದ ಪಿಕಪ್: ಎಂಜಿನ್ ಬಿಚ್ಚಬೇಕೇ, ಬೇಡವೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಪಿಕಪ್‌ಗಳ ಎಂಜಿನ್ ಬಗ್ಗೆಯೇ. ‘ಇಷ್ಟು ಲಕ್ಷ ಓಡಿದೆ, ಇನ್ನೆಷ್ಟು ಓಡೀತು?’ ಎಂಬುದು ಎಲ್ಲರ ಪ್ರಶ್ನೆ. ಮೀಟರಿನ ಅಂಕಿ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಆ ಎಂಜಿನ್ ಎಷ್ಟು ಧೂಳು ನುಂಗಿದೆ, ಎಷ್ಟು ಸಲ ಹೀಟ್ ಆಗಿದೆ, ಆಯಿಲ್ ಕಡಿಮೆಯಾಗಿದ್ದಾಗಲೂ ಎಷ್ಟು ದಿನ ಓಡಿದೆ ಎಂಬುದನ್ನು ನೋಡಬೇಕು.

ಪ್ರಶ್ನೆ: 2015ರ ಬೊಲೆರೊ ಪಿಕಪ್, 3.9 ಲಕ್ಷ ಕಿ.ಮೀ. ಓಡಿದೆ. ಕೋಲಾರ ಎಪಿಎಂಸಿಗೆ ಟೊಮೆಟೊ, ಆಗಾಗ ಚೆನ್ನೈ ಟ್ರಿಪ್. 3000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಹಾಕಬೇಕಾಗುತ್ತಿದೆ. ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಬರುತ್ತೆ. ಮೆಕ್ಯಾನಿಕ್ ‘ಬ್ಯಾಕ್ ಕಂಪ್ರೆಶನ್ (ಸಿಲಿಂಡರಿನ ಗ್ಯಾಸ್ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವುದು) ಬಂದಿದೆ, ಹಾಫ್ ಎಂಜಿನ್ ಕೆಲಸ (ಎಂಜಿನ್ ಬಿಚ್ಚಿ ರಿಂಗ್, ಬೇರಿಂಗ್ ಬದಲಿಸುವುದು) ಮಾಡಿಸಿಬಿಡಿ’ ಅಂತಾರೆ. ಮಾಡಿಸಬೇಕಾ ಸಾರ್?
— ಶ್ರೀನಿವಾಸಪುರ

ಉತ್ತರ: ಈಗಲೇ ಬೇಡ. ಇಷ್ಟು ಓಡಿದ ಡೀಸೆಲ್ ಎಂಜಿನ್ 3000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿದರೆ ಗಾಬರಿಪಡಬೇಕಿಲ್ಲ. 1000 ಕಿ.ಮೀ.ಗೇ ಲೀಟರ್ ಹತ್ತಿರ ಹೋದಾಗ ಮಾತ್ರ ಎಂಜಿನ್ ಕೆಲಸದ ಯೋಚನೆ ಮಾಡಬೇಕು. ಮೊದಲು ಲೆಕ್ಕ ಸರಿಯಾಗಲಿ. ಬೆಳಗ್ಗೆ ಸೆಲ್ಫ್ ಹೊಡೆಯುವ ಮುಂಚೆ, ಸಮತಟ್ಟಾದ ಜಾಗದಲ್ಲಿ, ಡಿಪ್ ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ಆಯಿಲ್ ತುಂಬಿಸಿ ಕಿ.ಮೀ. ಬರೆದಿಡಿ. 1000 ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಅಳತೆ ಜಾರಿನಿಂದ ಮತ್ತೆ ಅದೇ ಗುರುತಿಗೆ ತನ್ನಿ. ಎಷ್ಟು ಮಿಲಿ ಲೀಟರ್ ಹಿಡಿಯಿತೋ ಅದೇ ನಿಜವಾದ ಖರ್ಚು.

ಆಮೇಲೆ ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಬೇಕು. ಎಂಜಿನ್ ತೊಳೆಸಿ, ಎರಡು ದಿನ ಓಡಿಸಿ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಕ್ರ್ಯಾಂಕಿನ ಹಿಂಬದಿ ಆಯಿಲ್ ಸೀಲ್, ಟರ್ಬೊದಿಂದ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಆಯಿಲ್ ಇಳಿಯುವ ಪೈಪು, ಈ ಮೂರು ಕಡೆ ಸೋರುವುದೇ ಹೆಚ್ಚು. ಬ್ರೀದರ್ ಪೈಪನ್ನೂ ಬಿಚ್ಚಿಸಿ. ಅದು ಮಸಿ, ಜಿಡ್ಡಿನಿಂದ ಕಟ್ಟಿಕೊಂಡರೆ ಎಂಜಿನ್ ಒಳಗಿನ ಗಾಳಿಗೆ ಹೊರದಾರಿ ಇರುವುದಿಲ್ಲ. ಆಗ ಸೀಲುಗಳಿಂದ ಆಯಿಲ್ ಒತ್ತಿಕೊಂಡು ಬರುತ್ತದೆ, ಕ್ಯಾಪ್ ತೆಗೆದರೆ ಹೊಗೆ ನುಗ್ಗುತ್ತದೆ. ನೋಡಿದವರು ಇದನ್ನೂ ಬ್ಯಾಕ್ ಕಂಪ್ರೆಶನ್ ಎಂದೇ ಹೇಳುತ್ತಾರೆ. ಅರ್ಧ ಗಂಟೆಯ ಈ ಸ್ವಚ್ಛತೆ ಮಾಡಿಸದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದೂ ಸುಳಿವು ಕೊಡುತ್ತದೆ. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಆದಾಗ ಒಂದು ಉಂಡೆ ಬಂದು ನಿಂತರೆ ವಾಲ್ವ್ ಸೀಲ್. ಲೋಡಿನಲ್ಲಿ ಎಕ್ಸಲರೇಟರ್ ಒತ್ತಿದಷ್ಟೂ ಬಂದರೆ ರಿಂಗ್. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿದ್ದು ಹೊರಟಾಗ ಬಂದರೆ ಟರ್ಬೊ ಅಥವಾ ವಾಲ್ವ್ ಸೀಲ್. ಟರ್ಬೊದಿಂದ ಇಂಟರ್‌ಕೂಲರಿಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ಪೈಪು ಬಿಚ್ಚಿ, ಒಳಗೆ ಆಯಿಲ್ ಮಡುಗಟ್ಟಿದೆಯೇ ನೋಡಿ. ತೆಳ್ಳಗೆ ಪಸೆ ಇದ್ದರೆ ಅದು ಸಹಜ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿಸಿ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಡೀಸೆಲ್ ಕಟ್ ಮಾಡಿರಬೇಕು, ಏರ್ ಫಿಲ್ಟರ್ ಸ್ವಚ್ಛವಾಗಿರಬೇಕು. ನಾಲ್ಕೂ ಸಿಲಿಂಡರಿಗೆ ಒಂದೇ ಸಮ ಸೆಲ್ಫ್ ಹೊಡೆದು ಅಂಕಿ ಬರೆದುಕೊಳ್ಳಿ. ಈ ಬಗೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬಂದರೆ ಆರೋಗ್ಯ. 20ಕ್ಕಿಂತ ಕೆಳಗಿಳಿದರೆ ಚಳಿಯ ಬೆಳಗ್ಗೆ ಸ್ಟಾರ್ಟಿಂಗ್ ತೊಂದರೆ ಶುರು. ನಿಮ್ಮ ಎಂಜಿನಿನ ನಿಖರ ಅಂಕಿಗೆ ಕಂಪನಿ ಮ್ಯಾನ್ಯುವಲ್ಲೇ ಪ್ರಮಾಣ. ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಮೂರರಲ್ಲಿ 26 ಬಂದು ಒಂದರಲ್ಲಿ 19 ಬಂದರೆ ಇಡೀ ಎಂಜಿನ್ ಸವೆದಿಲ್ಲ, ಆ ಸಿಲಿಂಡರಿನ ವಾಲ್ವೋ, ರಿಂಗೋ, ಡೀಸೆಲ್ ಚಿಮ್ಮಿಸುವ ನಾಜಲ್ಲೋ ಕೆಟ್ಟಿರಬಹುದು. ಸೋರುವ ನಾಜಲ್ ಡೀಸೆಲನ್ನು ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಗೋಡೆಗೆ ಸುರಿಸಿ ಆಯಿಲ್ ಪದರ ತೊಳೆದುಬಿಡುತ್ತದೆ, ರಿಂಗ್ ಬರಿಗೋಡೆಗೆ ಉಜ್ಜುತ್ತದೆ. ನಾಜಲ್ ಸರಿಮಾಡದೆ ಹೊಸ ರಿಂಗ್ ಹಾಕಿಸಿದವರು ವರ್ಷದೊಳಗೆ ಮತ್ತೆ ಗ್ಯಾರೇಜಿಗೆ ಬರುತ್ತಾರೆ.

ನಾಲ್ಕರಲ್ಲೂ ಕಡಿಮೆ ಬಂದರೆ ಕೆಲಸ ಮಾಡಿಸಿ, ಆದರೆ ಅಳತೆ ಇಟ್ಟು ಮಾಡಿಸಿ. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಬೇಕು. ಮೇಲಿಗೂ ಕೆಳಗಿಗೂ 0.1 ಮಿ.ಮೀ. ಹತ್ತಿರ ವ್ಯತ್ಯಾಸ ಬಂದಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ. ಎಂಜಿನ್ ರಚನೆಗೆ ತಕ್ಕಂತೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್, ಇಲ್ಲವೇ ಲೈನರ್ ಸೆಟ್. ಹೊಸ ರಿಂಗನ್ನು ಬರೀ ಬೋರಿನೊಳಗೆ ಇಳಿಸಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿಸಿ. 90 ಮಿ.ಮೀ. ಆಸುಪಾಸಿನ ಬೋರಿಗೆ 0.3ರಿಂದ 0.5 ಮಿ.ಮೀ. ಇರುವುದು ವಾಡಿಕೆ. ಹೆಡ್ಡಿನ ಮೇಲ್ಮೈ ಬಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡದೆ ಗ್ಯಾಸ್ಕೆಟ್ ಕೂರಿಸಬಾರದು. ಬೇರಿಂಗ್ ಹಳೆಯದನ್ನೇ ಹಾಕುತ್ತೇವೆಂದರೆ ಗ್ಯಾರೇಜ್ ಬದಲಿಸಿ. ಕೆಲಸವಾದ ಮೇಲೆ ಮೊದಲ 1000 ಕಿ.ಮೀ. ಅರ್ಧ ಲೋಡು, ಆಮೇಲೆ ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲು. ಹೊಸ ಎಂಜಿನ್ ‘ಹದಕ್ಕೆ ಬರಲಿ’ ಎಂದು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡುವ ಅಭ್ಯಾಸವಿದೆ, ಅದು ತಪ್ಪು. ಲೋಡು ಬೀಳದಿದ್ದರೆ ರಿಂಗ್ ಕೂರುವುದೇ ಇಲ್ಲ, ಬೋರ್ ನುಣುಪಾಗಿ ಆಯಿಲ್ ಖರ್ಚು ಹಾಗೇ ಉಳಿಯುತ್ತದೆ.

ಪ್ರಶ್ನೆ: ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಗಾಡಿ ಬಿಟ್ಟಿದ್ದೇನೆ. ದಿನಾ ಏರ್ ಫಿಲ್ಟರ್ ತೆಗೆದು ಗಾಳಿ ಹೊಡೆಸುತ್ತೇನೆ. ಆದರೂ 1.2 ಲಕ್ಷಕ್ಕೇ ಆಯಿಲ್ ಕುಡಿಯಲು ಶುರುವಾಗಿದೆ. ಯಾಕೆ?
— ಮಾಲೂರು

ಉತ್ತರ: ದಿನಾ ಗಾಳಿ ಹೊಡೆಸುವುದೇ ಕಾರಣವಿರಬಹುದು. ಕಾಗದದ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿ ಹತ್ತಿರದಿಂದ ಹೊಡೆದರೆ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಬಿಚ್ಚಿ ಹಾಕುವಾಗಲೆಲ್ಲ ಅಂಚಿನ ರಬ್ಬರ್ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ, ಡಬ್ಬಿಯ ಧೂಳು ಒಳಬದಿಗೆ ಉದುರುತ್ತದೆ. ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂದರೆ ನಂಬುವವರು ಕಡಿಮೆ, ಆದರೆ ಅದು ನಿಜ. ಗೂಡಿನ ಕೆಲಸಕ್ಕೆ ಫಿಲ್ಟರ್ ಬದಲಿಸುವ ಅವಧಿಯನ್ನು ಕಂಪನಿ ಹೇಳಿದ್ದರ ಅರ್ಧಕ್ಕೆ ಇಳಿಸಿ. ನಡುವೆ ಒಂದೆರಡು ಸಲ ಮಾತ್ರ, ಕಡಿಮೆ ಗಾಳಿಯಲ್ಲಿ, ಒಳಗಿನಿಂದ ಹೊರಕ್ಕೆ ಊದಿಸಿ. ಡಬ್ಬಿಯ ತಳದಲ್ಲಿ ಧೂಳು ಉದುರಲು ರಬ್ಬರ್ ಬಾಯಿ ಇದ್ದರೆ ಅದನ್ನು ಮಾತ್ರ ದಿನಾ ಹಿಂಡಿ.

ಇನ್ನು ಫಿಲ್ಟರಿನಿಂದ ಟರ್ಬೊವರೆಗಿನ ಪೈಪು. ಇಲ್ಲಿ ಒಳಕ್ಕೆ ಸೆಳೆತ ಇರುತ್ತದೆ. ಕ್ಲಿಪ್ ಸಡಿಲವಿದ್ದರೂ ರಬ್ಬರ್ ಮಡಿಕೆಯಲ್ಲಿ ಸಣ್ಣ ಸೀಳಿದ್ದರೂ ಧೂಳು ಸೋಸದೆ ನೇರ ಒಳಗೆ ಹೋಗುತ್ತದೆ. ಗಾಡಿ ಎಳೆತದಲ್ಲಿ ಏನೂ ವ್ಯತ್ಯಾಸ ಕಾಣದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಟರ್ಬೊದಿಂದ ಆಚೆ ಒತ್ತಡ ಹೊರಕ್ಕೆ. ಅಲ್ಲಿ ಪೈಪು ಸೀಳಿದರೆ ಕಪ್ಪು ಹೊಗೆ, ಎಳೆತ ಕಡಿಮೆ, ಕೂಡಲೇ ತಿಳಿಯುತ್ತದೆ. ಎಂಜಿನ್ ಆಫ್ ಮಾಡಿ, ಫಿಲ್ಟರಿನ ಆಚೆಯ ಪೈಪಿನೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಕೆಂಪು ಮಣ್ಣು ಹತ್ತಿದರೆ ಕಳ್ಳದಾರಿ ಸಿಕ್ಕಿತು. ಟರ್ಬೊ ಬ್ಲೇಡಿನ ಅಂಚನ್ನೂ ನೋಡಿ. ಚೂಪು ಹೋಗಿ ಮೊಂಡಾಗಿದ್ದರೆ ಧೂಳು ಬಹಳ ದಿನಗಳಿಂದ ಹೋಗುತ್ತಿದೆ. ಆಗ ಮೇಲಿನ ಉತ್ತರದ ಕಂಪ್ರೆಶನ್ ಪರೀಕ್ಷೆ ನಿಮಗೂ ಬೇಕು.

ಪ್ರಶ್ನೆ: ಕುಮಟಾದಿಂದ ಶಿರಸಿಗೆ ಐಸ್ ಹಾಕಿದ ಮೀನಿನ ಲೋಡು. ದೇವಿಮನೆ ಘಟ್ಟ ಹತ್ತುವಾಗ ಹೀಟ್ ಮುಳ್ಳು ಮೇಲೆ ಹೋಗುತ್ತದೆ. ಥರ್ಮೋಸ್ಟಾಟ್ ವಾಲ್ವ್ ತೆಗೆಸಿದೆ, ಆದರೂ ಹೋಗಲಿಲ್ಲ. ರೇಡಿಯೇಟರ್ ಬದಲಿಸಬೇಕಾ?
— ಕುಮಟಾ

ಉತ್ತರ: ಮೊದಲು ವಾಲ್ವನ್ನು ವಾಪಸ್ ಹಾಕಿಸಿ. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವುದೇ ಇದರ ಕೆಲಸ. ನಮ್ಮ ಗ್ಯಾರೇಜುಗಳಲ್ಲಿ ಹೀಟಿಂಗ್ ಎಂದ ತಕ್ಷಣ ಮೊದಲು ಕೀಳುವುದು ಇದನ್ನೇ, ಎಂಜಿನ್ ಆಯಸ್ಸಿಗೆ ಇದರಷ್ಟು ಕೆಟ್ಟ ಉಪಚಾರ ಇನ್ನೊಂದಿಲ್ಲ. ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಬೈಪಾಸ್ ದಾರಿ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಘಟ್ಟದಲ್ಲಿ ಅದಕ್ಕೇ ಇನ್ನೂ ಹೀಟ್. ಬಯಲಿನಲ್ಲಿ ಓಡುವಾಗ ತದ್ವಿರುದ್ಧ: ಎಂಜಿನ್ ಹದವಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಪೂರ್ತಿ ಉರಿಯದೆ ಬೋರಿಗಿಳಿಯುತ್ತದೆ, ಸವೆತ ಹೆಚ್ಚುತ್ತದೆ. ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿ, ಥರ್ಮಾಮೀಟರ್ ಹಿಡಿದು ನೋಡಿ. ವಾಲ್ವಿನ ಮೇಲೆ ಅಚ್ಚಾದ ಡಿಗ್ರಿಗೆ, ಹೆಚ್ಚಿನವುಗಳಲ್ಲಿ 82ರ ಆಸುಪಾಸಿಗೆ, ಬಾಯಿ ಬಿಡಲು ಶುರುಮಾಡಬೇಕು.

ಆಮೇಲೆ ಅಗ್ಗದಿಂದ ದುಬಾರಿಯ ಕಡೆಗೆ ಹೋಗಿ. ರೇಡಿಯೇಟರ್ ಕ್ಯಾಪ್: 1 ಬಾರ್ ಒತ್ತಡ ಹಿಡಿದರೆ ನೀರು 100ರ ಬದಲು 120 ಡಿಗ್ರಿ ಹತ್ತಿರ ಕುದಿಯುತ್ತದೆ. ರಬ್ಬರ್ ಸೀಳಿದ್ದರೆ ಆ ಲಾಭ ಹೋಯಿತು. ಫ್ಯಾನ್: ಬಿಸಿ ಎಂಜಿನ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿ, ಜೆಲ್ ಇರುವ ವಿಸ್ಕಸ್ ಫ್ಯಾನ್ ಬಿಗುವಾಗಿರಬೇಕು, ಗಿರಗಿರ ತಿರುಗಿದರೆ ಕಪ್ಲಿಂಗ್ ಹೋಗಿದೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಇದೆಯೇ? ಅಪಘಾತವಾದ ಗಾಡಿಗಳಲ್ಲಿ ಅದನ್ನು ಮತ್ತೆ ಹಾಕಿರುವುದೇ ಇಲ್ಲ, ಫ್ಯಾನ್ ಹಳೆಯ ಬಿಸಿಗಾಳಿಯನ್ನೇ ತಿರುವಿಹಾಕುತ್ತಿರುತ್ತದೆ. ನಿಮ್ಮದು ಕಡಲತೀರ, ಮೇಲೆ ಮೀನಿನ ಉಪ್ಪುನೀರು. ರೇಡಿಯೇಟರಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿ. ಪುಡಿಪುಡಿಯಾಗಿ ಉದುರಿದರೆ ಮಾತ್ರ ಹೊಸ ರೇಡಿಯೇಟರ್. ಗಟ್ಟಿಯಾಗಿದ್ದು ಕೊಳೆ ತುಂಬಿದ್ದರೆ ಎಂಜಿನ್ ಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆದರೆ ಸಾಕು. ಒಳಗೆ ಬಾವಿ ನೀರು, ಬೋರ್‌ವೆಲ್ ನೀರು ಬೇಡ. ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ.

ಇವೆಲ್ಲ ಸರಿಯಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ರಾತ್ರಿ ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ ನಿಲ್ಲದೆ ಬಂದರೆ, ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಉರಿದ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಎಂದರ್ಥ.

ಓಡಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಡೀಸೆಲ್ ಉಳಿಸಲು ಮೂರನೇ ಗೇರಿನಲ್ಲಿ ಒದ್ದಾಡಿಸಿಕೊಂಡು ಹತ್ತಿಸಿದರೆ ಫ್ಯಾನೂ ವಾಟರ್ ಪಂಪೂ ನಿಧಾನವಾಗುತ್ತವೆ, ಒಳಗಿನ ಬಿಸಿ ಮಾತ್ರ ಏರುತ್ತದೆ. ಎರಡನೇ ಗೇರಿಗೆ ಇಳಿಸಿ, ಎಂಜಿನ್ ಸಲೀಸಾಗಿ ತಿರುಗಲಿ. ಐಸಿನ ತೂಕವನ್ನೂ ಲೋಡಿಗೆ ಸೇರಿಸಿ ಲೆಕ್ಕ ಹಾಕಿ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ದಂಡವಿದೆ. ಗ್ಯಾಸ್ಕೆಟ್ ಖರ್ಚು ಬೇರೆ.

ಮುಳ್ಳು ಕೆಂಪಿಗೆ ಹೋದರೆ ನಿಲ್ಲಿಸಿ, ಕ್ಯಾಪ್ ಮುಟ್ಟಬೇಡಿ, ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಹೆಡ್ ಬಿರುಕು ಬಿಡುತ್ತದೆ. ಇನ್ನೊಂದು ಎಚ್ಚರ: ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಬರೀ ಆವಿಯಲ್ಲಿ ನಿಂತು ಮುಳ್ಳು ಕೆಳಗಿಳಿಯಬಹುದು. ಅದನ್ನು ನೋಡಿ ‘ತಣ್ಣಗಾಯಿತು’ ಎಂದು ಹೊರಟರೆ ಎಂಜಿನ್ ಒಳಗೆ ಕಚ್ಚಿಕೊಂಡು ಸೀಜ್ ಆಗುತ್ತದೆ.

ಪ್ರಶ್ನೆ: ಎರಡು ಲಕ್ಷ ದಾಟಿದ ಮೇಲೆ 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿದರೆ ಒಳ್ಳೆಯದೇ? ಅಂಗಡಿಯವರು ಆಯಿಲ್ ಜೊತೆ ಬೆರೆಸಲು ಬಾಟಲಿಯೊಂದನ್ನೂ ಕೊಡುತ್ತಾರೆ.
— ಹಾವೇರಿ

ಉತ್ತರ: ಎರಡೂ ಬೇಡ. ದಪ್ಪ ಆಯಿಲ್ ಸವೆತವನ್ನು ಮುಚ್ಚಿಡುತ್ತದೆ, ಬೆಳಗ್ಗಿನ ಸ್ಟಾರ್ಟಿಂಗಿನಲ್ಲಿ ಟರ್ಬೊಗೆ ತಡವಾಗಿ ತಲುಪುತ್ತದೆ. ಕಂಪನಿ 15ಡಬ್ಲ್ಯೂ-40 ಹೇಳಿದ್ದರೆ ಅದೇ. ಬಿಎಸ್3, ಬಿಎಸ್4 (ಭಾರತ್ ಸ್ಟೇಜ್ ಹೊಗೆ ನಿಯಮದ ಹಂತಗಳು) ಗಾಡಿಗೆ ಡಬ್ಬಿಯ ಮೇಲೆ ಸಿಐ-4 ಅಥವಾ ಸಿಐ-4 ಪ್ಲಸ್ ದರ್ಜೆ ಎಂದಿರಲಿ. ಬಾಟಲಿಯ ದುಡ್ಡಿಗೆ ಒರಿಜಿನಲ್ ಆಯಿಲ್ ಫಿಲ್ಟರ್ ಕೊಳ್ಳಿ.

ಪ್ರಶ್ನೆ: ಬಿಎಸ್6 ಪಿಕಪ್, ಬೆಂಗಳೂರಿನೊಳಗೇ ನೀರಿನ ಕ್ಯಾನ್ ಡೆಲಿವರಿ, ದಿನಕ್ಕೆ 25-30 ಕಿ.ಮೀ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಮೇಲಿಂದ ಮೇಲೆ ಬರುತ್ತೆ. ವಿಚಿತ್ರ ಏನೆಂದರೆ ಆಯಿಲ್ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತಿದೆ!
— ಯಲಹಂಕ

ಉತ್ತರ: ಎರಡಕ್ಕೂ ಒಂದೇ ಕಾರಣ. ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಮನೆಯಿಂದ ಮನೆಗೆ ನಿಲ್ಲಿಸಿ ಆಫ್ ಮಾಡುತ್ತಿದ್ದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಸಿಲಿಂಡರಿನೊಳಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಉರಿಯದ ಆ ಡೀಸೆಲ್ ರಿಂಗ್ ಪಕ್ಕದಿಂದ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಹೆಚ್ಚಾಗಿರುವುದು ಆಯಿಲ್ ಅಲ್ಲ, ಡೀಸೆಲ್. ಮೇಲಿನ ಗುರುತು ದಾಟಿದ್ದರೆ ಕಿ.ಮೀ. ನೋಡದೆ ಆಯಿಲ್ ಬದಲಿಸಿ. ತೆಳುವಾದ ಆಯಿಲಿನಲ್ಲಿ ಓಡಿದರೆ ಮೊದಲು ಹೋಗುವುದು ಬೇರಿಂಗ್ ಮತ್ತು ಟರ್ಬೊ.

ವಾರಕ್ಕೊಮ್ಮೆಯಾದರೂ ಹೈವೇಗೆ ಹತ್ತಿಸಿ, 60 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲಿಸದೆ 20-25 ನಿಮಿಷ ಓಡಿಸಿ. ದೇವನಹಳ್ಳಿ ರಸ್ತೆ ನಿಮಗೆ ಪಕ್ಕದಲ್ಲೇ ಇದೆ. ಸುಡುವ ಹೊತ್ತಿನಲ್ಲಿ ಐಡ್ಲಿಂಗ್ ಸ್ವಲ್ಪ ಏರಿರುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಆಫ್ ಮಾಡಬೇಡಿ. ಆಯಿಲ್ ಕಡಿಮೆ ಬೂದಿಯದೇ ಆಗಿರಲಿ, ಕಂಪನಿ ಹೇಳಿದ ದರ್ಜೆ, ಸಾಮಾನ್ಯವಾಗಿ ಸಿಕೆ-4 ಬಗೆಯದು. ಮಸಿ ಸುಡುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಹೈವೇ ಓಡಿಸಿದ ಮೇಲೂ ಲೈಟ್ ಬೇಗ ಬಂದರೆ ನಾಜಲ್, ಇಜಿಆರ್ ವಾಲ್ವ್ (ಉರಿದ ಗ್ಯಾಸಿನ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್), ಟರ್ಬೊ ಪೈಪಿನ ಸೋರಿಕೆ ನೋಡಿಸಿ. ಡಿಪಿಎಫ್ ಕಿತ್ತು ಸಾಫ್ಟ್‌ವೇರ್ ತಿದ್ದಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ, ಅದು ಕಾನೂನುಬಾಹಿರ.

ಪ್ರಶ್ನೆ: 2017ರ ಪಿಕಪ್, ಮೀಟರಿನಲ್ಲಿ 95,000 ಇದೆ. ಒಳ್ಳೆ ರೇಟಿಗೆ ಕೊಡುತ್ತಿದ್ದಾರೆ. ನಂಬಬಹುದೇ?
— ತುಮಕೂರು

ಉತ್ತರ: ಬಾಡಿಗೆಗೆ ಓಡುವ ಗಾಡಿ ದಿನಕ್ಕೆ 100 ಕಿ.ಮೀ., ವರ್ಷಕ್ಕೆ 300 ದಿನ ಎಂದರೂ ಐದೇ ವರ್ಷಕ್ಕೆ ಒಂದೂವರೆ ಲಕ್ಷ. ಹಾಗಾಗಿ ಮೀಟರನ್ನು ಮರೆತು ಗಾಡಿ ನೋಡಿ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆಯೇ, ಅಥವಾ ಅದೊಂದು ಮಾತ್ರ ಹೊಸದಾಗಿದೆಯೇ? ಎರಡೂ ಹೆಚ್ಚು ಓಡಿದ ಗುರುತು. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ಕೇಳಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಸಾಲ, ಇನ್ಶೂರೆನ್ಸ್ ವಿವರ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ನೋಡಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ಪ್ರತಿ ವರ್ಷ.

ಬೆಳಗ್ಗೆ ಹೇಳದೆ ಹೋಗಿ, ಬಾನೆಟ್ ಮುಟ್ಟಿ. ಬಿಸಿಯಿದ್ದರೆ ಅವರು ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ಹಿಂದಿನ ಪಟ್ಟಿ (ಲೀಫ್) ಸ್ಪ್ರಿಂಗ್ ಕೂರುವ ಕಡೆ ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಓವರ್‌ಲೋಡಿನ ಗುರುತು. ಅಂಥ ಗಾಡಿಯ ಎಂಜಿನ್, ಕ್ಲಚ್ ಎರಡೂ ಅಷ್ಟೇ ದುಡಿದಿರುತ್ತವೆ. ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಬರೀ ನೀರಿನಲ್ಲಿ ಓಡಿದೆ. ಸರ್ವಿಸ್ ದಾಖಲೆ ಸರಿಯಾಗಿರುವ 2.5 ಲಕ್ಷದ ಗಾಡಿ, ದಾಖಲೆಯೇ ಇಲ್ಲದ 95,000ದ ಗಾಡಿಗಿಂತ ಒಳ್ಳೆಯ ವ್ಯಾಪಾರ.

ಪ್ರಶ್ನೆ: ಡಲ್ಲಾಸ್ ಹತ್ತಿರ ಇದ್ದೇವೆ. 1.5 ಲಕ್ಷ ಮೈಲಿ ಓಡಿದ ಪೆಟ್ರೋಲ್ ಪಿಕಪ್ ಕೊಳ್ಳುವ ಯೋಚನೆ. ಯಾವುದನ್ನು ನೋಡಿ ಕೊಳ್ಳಬೇಕು?
— ಟೆಕ್ಸಸ್‌ನಿಂದ ಓದುಗರು

ಉತ್ತರ: 1.5 ಲಕ್ಷ ಮೈಲಿ ಎಂದರೆ ಸುಮಾರು 2.4 ಲಕ್ಷ ಕಿ.ಮೀ.; ಅಲ್ಲಿನ ದೊಡ್ಡ ವಿ8 ಎಂಜಿನ್‌ಗಳಿಗೆ ಇದು ಮಧ್ಯವಯಸ್ಸು. ಹೆಸರಿಗಿಂತ ಆಯಾ ಎಂಜಿನಿನ ದೌರ್ಬಲ್ಯ ತಿಳಿದಿರಲಿ. 2004ರಿಂದ 2010ರ ಫೋರ್ಡ್ ಎಫ್-150ಯ 5.4 ಲೀಟರ್ ಎಂಜಿನಿನಲ್ಲಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಟಕಟಕ ಸದ್ದು ಬಂದರೆ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಸವೆದಿರುವುದು ಹೆಚ್ಚು ಸಂಭವ. ಶೆವ್ರೊಲೆ ಸಿಲ್ವರಾಡೊದ 5.3 ಲೀಟರಿನಲ್ಲಿ ಲೋಡು ಕಡಿಮೆಯಿದ್ದಾಗ ಅರ್ಧದಷ್ಟು ಸಿಲಿಂಡರುಗಳನ್ನು ಮಲಗಿಸುವ ವ್ಯವಸ್ಥೆ ಇದ್ದರೆ ಅದರ ಲಿಫ್ಟರ್ (ವಾಲ್ವನ್ನು ಎತ್ತುವ ಭಾಗ) ಕೆಡುವುದು ಗೊತ್ತಿರುವ ಕಾಯಿಲೆ. ಟಿಕ್ ಸದ್ದು, ಮಿಸ್‌ಫೈರ್ ಇವೆಯೇ ನೋಡಿ. ಟೊಯೊಟಾ ಟಂಡ್ರಾ, ಟಕೋಮಾಗಳಲ್ಲಿ ಎಂಜಿನಿಗಿಂತ ಚಾಸಿ ತುಕ್ಕಿನದೇ ಚಿಂತೆ. ಹಿಮದ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಹಾಗಾಗಿ ಅಲ್ಲಿಂದ ಟೆಕ್ಸಸ್‌ಗೆ ಬಂದ ಗಾಡಿಯಾಗಿದ್ದರೆ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಿ. ಟ್ರೇಲರ್ ಎಳೆದ ಗಾಡಿಯಾದರೆ ಗೇರ್‌ಬಾಕ್ಸ್ ಆಯಿಲಿನ ಬಣ್ಣ, ವಾಸನೆ ನೋಡದೆ ಮುಂಗಡ ಕೊಡಬೇಡಿ.

ಪ್ರಶ್ನೆ: ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದೆ ರೇಸ್ ಆಗಿ ದಟ್ಟ ಹೊಗೆ ಬಂತು. ಹೀಗಾದರೆ ಏನು ಮಾಡಬೇಕು?
— ಹೊಸಪೇಟೆ

ಉತ್ತರ: ಟರ್ಬೊ ಸೀಲ್ ಒಡೆದು ಎಂಜಿನ್ ತನ್ನ ಆಯಿಲನ್ನೇ ಇಂಧನವಾಗಿ ಉರಿಸುತ್ತದೆ, ಡೀಸೆಲ್ ಕಟ್ ಆದರೂ ನಿಲ್ಲದಿರಲು ಅದೇ ಕಾರಣ. ಗಾಡಿಯಲ್ಲಿ ಕೂತಿದ್ದರೆ ಬ್ರೇಕ್ ಪೂರ್ತಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲವೆಂದು ನೋಡಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಥಟ್ಟನೆ ಬಿಡಿ. ಎಂಜಿನ್ ಒದ್ದು ನಿಲ್ಲುತ್ತದೆ. ಅದಾಗದಿದ್ದರೆ ಗಾಳಿ ಎಳೆಯುವ ಬಾಯಿಗೆ ಹಲಗೆಯೋ ಗಟ್ಟಿ ತಗಡೋ ಅಡ್ಡ ಒತ್ತುವ ದಾರಿ ಇದೆ. ಕೈಯಿಂದ ಮುಚ್ಚಬೇಡಿ, ಬಟ್ಟೆ ತುರುಕಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಸದ್ದು ವಿಪರೀತವಾಗಿದ್ದರೆ ಹತ್ತಿರ ಹೋಗದೆ ದೂರ ಸರಿಯಿರಿ, ಎಂಜಿನ್ ಸಿಡಿಯಬಹುದು. ನಿಂತ ಮೇಲೆ ಮತ್ತೆ ಸೆಲ್ಫ್ ಹೊಡೆಯಬಾರದು. ಟರ್ಬೊ ಬದಲಿಸುವಾಗ ಇಂಟರ್‌ಕೂಲರನ್ನೂ ಕಳಚಿ ಒಳಗಿನ ಆಯಿಲ್ ಪೂರ್ತಿ ಬಸಿದು ತೊಳೆಸಿ. ಇಲ್ಲದಿದ್ದರೆ ಹೊಸ ಟರ್ಬೊ ಹಾಕಿದ ಮೊದಲ ಸ್ಟಾರ್ಟಿಂಗಿನಲ್ಲೇ, ಉಳಿದ ಆಯಿಲ್ ಎಳೆದುಕೊಂಡು ಮತ್ತೆ ಹಾಗೇ ರೇಸ್ ಆಗುತ್ತದೆ.